ಗೋಲು ಹೊಡೆಯುವ ರೋಬೋಟ್: ಎಂಟು ವಾರಗಳಲ್ಲಿ ಕಟ್ಟುವ ಬಗೆ

ಮೊದಲು ಚೆಂಡನ್ನು ಕೊಂಡು ತನ್ನಿ. ಮೋಟರ್, ಬ್ಯಾಟರಿ, ರಿಮೋಟ್‌ಗಳ ಮಾತು ಆಮೇಲೆ. ನಿಮ್ಮ ಸ್ಪರ್ಧೆಯ ನಿಯಮಾವಳಿ ಹೇಳುವ ಅಳತೆಯ, ಹೇಳುವ ತೂಕದ ಚೆಂಡೊಂದನ್ನು ತಂದು ನೆಲದ ಮೇಲೆ ಉರುಳಿಸಿ ನೋಡಿ. ಎಷ್ಟು ದೂರ ಹೋಗಿ ನಿಲ್ಲುತ್ತದೆ, ಗೋಡೆಗೆ ಬಡಿದರೆ ಹೇಗೆ ಪುಟಿಯುತ್ತದೆ, ರಟ್ಟಿನ ತುಂಡೊಂದರಿಂದ ತಳ್ಳಿದರೆ ಯಾವ ಪಕ್ಕಕ್ಕೆ ಜಾರಿಕೊಳ್ಳುತ್ತದೆ ಎಂಬುದನ್ನು ಕೈಯಿಂದಲೇ ತಿಳಿದುಕೊಳ್ಳಿ.

ಕಾಲೇಜು ವಿದ್ಯಾರ್ಥಿಗಳ ರೋಬೋ ಫುಟ್‌ಬಾಲ್ ತಂಡಗಳ ಜೊತೆ ಹಲವು ವರ್ಷ ನಿಂತು ಕೆಲಸ ಮಾಡಿದ್ದೇನೆ. ನಮ್ಮ ಮೊದಲ ತಂಡ ಮೋಟರ್‌ನಿಂದ ಆರಂಭಿಸಿತ್ತು. ಬಲವಾದ ಗೇರ್ ಮೋಟರ್‌ಗಳು, ದಪ್ಪ ಅಲ್ಯೂಮಿನಿಯಂ ಚೌಕಟ್ಟು, ನೆಲದಿಂದ 5 ಸೆಂಟಿಮೀಟರ್ ಎತ್ತರದಲ್ಲಿ ಮುಂದಿನ ತಟ್ಟೆ. ಚೆಂಡು ಟೆನಿಸ್ ಚೆಂಡು. ಅದರ ವ್ಯಾಸ ಸುಮಾರು 6.5 ಸೆಂಟಿಮೀಟರ್. ಎಂದರೆ ಅದರ ನಡುಮಟ್ಟ ನೆಲದಿಂದ ಮೂರು ಸೆಂಟಿಮೀಟರ್ ಚಿಲ್ಲರೆ ಎತ್ತರದಲ್ಲಿದೆ. ನಮ್ಮ ತಟ್ಟೆ ಚೆಂಡನ್ನು ನಡುಮಟ್ಟಕ್ಕಿಂತ ಮೇಲೆ ಮುಟ್ಟಿತು. ಮುಂದಕ್ಕೆ ತಳ್ಳುವ ಬದಲು ಕೆಳಕ್ಕೆ ಒತ್ತಿತು. ರೋಬೋಟ್ ಚೆಂಡಿನ ಮೇಲೆಯೇ ಹತ್ತಿ, ಮುಂದಿನ ಗಾಲಿಗಳು ನೆಲ ಬಿಟ್ಟು ಗಾಳಿಯಲ್ಲಿ ತಿರುಗಿದವು. ಆರು ವಾರಗಳ ದುಡಿಮೆ ಎರಡು ನಿಮಿಷದಲ್ಲಿ ಮುಗಿಯಿತು. ಅಂದು ಆ ಹುಡುಗರ ಮುಖ ನೋಡಿದ ಮೇಲೆ ನಾನು ಯಾವ ತಂಡಕ್ಕೂ ಚೆಂಡು ಬರುವ ಮೊದಲು ಒಂದು ರಂಧ್ರವನ್ನೂ ಕೊರೆಯಲು ಬಿಟ್ಟಿಲ್ಲ.

ಈ ಲೇಖನ ರಿಮೋಟ್‌ನಿಂದ ಓಡಿಸುವ, ನಾಲ್ಕು ಗಾಲಿಯ ಫುಟ್‌ಬಾಲ್ ರೋಬೋಟ್ ಕುರಿತದ್ದು. ನಮ್ಮ ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ ಆಟ. ಇದರ ಆಚೆ ದೊಡ್ಡ ಲೋಕವಿದೆ. 1997ರಲ್ಲಿ ಜಪಾನಿನ ನಗೋಯಾದಲ್ಲಿ ಮೊದಲ ರೋಬೋಕಪ್ ನಡೆಯಿತು. 2050ರ ಹೊತ್ತಿಗೆ ತಾವಾಗಿ ಆಡುವ ಮಾನವಾಕಾರದ ರೋಬೋಟ್‌ಗಳ ತಂಡ, ವಿಶ್ವಕಪ್ ಗೆದ್ದ ಮನುಷ್ಯರ ತಂಡವನ್ನು ಸೋಲಿಸಬೇಕು ಎಂಬುದು ಅದರ ಗುರಿ. ಏಷ್ಯಾ-ಪೆಸಿಫಿಕ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 2002ರಲ್ಲಿ ಆರಂಭಿಸಿದ ರೋಬೋಕಾನ್‌ನಲ್ಲಿ ವರ್ಷಕ್ಕೊಂದು ಹೊಸ ಆಟ: 2015ರಲ್ಲಿ ಇಂಡೋನೇಷ್ಯಾದಲ್ಲಿ ಬ್ಯಾಡ್ಮಿಂಟನ್, 2025ರಲ್ಲಿ ಮಂಗೋಲಿಯಾದಲ್ಲಿ ಬ್ಯಾಸ್ಕೆಟ್‌ಬಾಲ್. 2022ರಲ್ಲಿ ಆತಿಥ್ಯದ ಸರದಿ ಭಾರತಕ್ಕೆ ಬಂದಾಗ ಆರಿಸಿದ ಆಟ ಲಗೋರಿ. ನಮ್ಮ ಬೀದಿಗಳಲ್ಲಿ ಬಿಲ್ಲೆ ಪೇರಿಸಿ ಆಡಿದ ಆಟವನ್ನು ಬೇರೆ ಬೇರೆ ದೇಶಗಳ ರೋಬೋಟ್‌ಗಳು ಆಡಿದವು ಎಂಬುದನ್ನು ನೆನೆದರೆ ನನಗೆ ಈಗಲೂ ಹಿಗ್ಗು. ಅಲ್ಲಿಗೆ ಹೋಗುವ ಆಸೆ ಇದ್ದವರೂ ಈ ಸಣ್ಣ ರೋಬೋಟ್‌ನಿಂದಲೇ ಆರಂಭಿಸಲಿ. ಗಾಲಿ, ವಿದ್ಯುತ್ತು, ಚೆಂಡು ಎಲ್ಲ ಕಡೆಯೂ ಒಂದೇ ಬಗೆಯ ಪಾಠ ಕಲಿಸುತ್ತವೆ.

ನಿಯಮಾವಳಿಯನ್ನು ಗೋಡೆಗೆ ಅಂಟಿಸಿ

ನಿಯಮಾವಳಿಯನ್ನು ತಂಡದ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಓದಬೇಕು. ಓದಿದ ಮೇಲೆ ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಕೆಲಸದ ಮೇಜಿನ ಎದುರು ಅಂಟಿಸಿ: ಉದ್ದ, ಅಗಲ, ಎತ್ತರ ಎಷ್ಟು? ಆ ಅಳತೆ ರೋಬೋಟ್ ನಿಂತಾಗಿನದೋ, ಒದೆಯುವ ತೋಳು ಪೂರ್ತಿ ಚಾಚಿದಾಗಿನದೋ? ತೂಕದಲ್ಲಿ ಬ್ಯಾಟರಿ ಸೇರಿದೆಯೋ ಇಲ್ಲವೋ? ಬ್ಯಾಟರಿಯ ಗರಿಷ್ಠ ವೋಲ್ಟೇಜ್ ಎಷ್ಟು? ಚೆಂಡನ್ನು ರೋಬೋಟ್ ಒಳಗೆ ಎಷ್ಟರ ಮಟ್ಟಿಗೆ ಹಿಡಿದುಕೊಳ್ಳಬಹುದು? ಆಟದ ನಡುವೆ ರೋಬೋಟ್ ಕೆಟ್ಟರೆ ದುರಸ್ತಿಗೆ ಎಷ್ಟು ಸಮಯ ಕೊಡುತ್ತಾರೆ?

ಬ್ಯಾಟರಿಯ ಪ್ರಶ್ನೆಯಲ್ಲಿ ಬಹಳ ತಂಡಗಳು ಎಡವುತ್ತವೆ. ಮೂರು ಕೋಶಗಳ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಮೇಲೆ 11.1 ವೋಲ್ಟ್ ಎಂದು ಮುದ್ರಿಸಿರುತ್ತದೆ, ಆದರೆ ಪೂರ್ತಿ ಚಾರ್ಜ್ ಆದಾಗ ಅದು 12.6 ವೋಲ್ಟ್ ತೋರಿಸುತ್ತದೆ. ನಿಯಮದಲ್ಲಿ ‘12 ವೋಲ್ಟ್ ಮೀರಬಾರದು’ ಎಂದಿದ್ದರೆ ತೀರ್ಪುಗಾರರು ಮುದ್ರಿಸಿದ್ದನ್ನು ನೋಡುತ್ತಾರೋ, ಮೀಟರ್ ಹಚ್ಚಿ ನೋಡುತ್ತಾರೋ? ಇಂಥ ಅನುಮಾನಗಳನ್ನು ಸಂಘಟಕರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಸಿಕ್ಕ ಒಪ್ಪಿಗೆ ಅಂಗಳದಲ್ಲಿ ಉಳಿಯುವುದಿಲ್ಲ.

ಎಂಟು ವಾರಗಳನ್ನು ಅರ್ಧಕ್ಕೆ ಕತ್ತರಿಸಿ

ನಾನು ಒತ್ತಿ ಹೇಳಬೇಕಾದ ಮಾತು ಒಂದೇ. ರೋಬೋಟ್ ನಾಲ್ಕನೆಯ ವಾರದ ಕೊನೆಗೆ ಓಡಬೇಕು. ಉಳಿದ ನಾಲ್ಕು ವಾರ ಅದನ್ನು ಓಡಿಸುವವರದು.

ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು. ಸ್ಪರ್ಧೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಕೊನೆಯ ತಂತಿ ಬೆಸೆದು, ಬೆಳಿಗ್ಗೆ ಅಂಗಳದಲ್ಲಿಯೇ ರೋಬೋಟ್ ಮೊದಲ ಬಾರಿ ಚೆಂಡನ್ನು ನೋಡುತ್ತದೆ. ಅಂಥ ರೋಬೋಟ್ ಎಷ್ಟು ಚೆಂದವಿದ್ದರೂ, ಪ್ಲೈವುಡ್ ಹಲಗೆಯ ಮೇಲೆ ಕಟ್ಟಿ ಒಂದು ತಿಂಗಳು ಆಡಿಸಿದ ರೋಬೋಟ್ ಎದುರು ಸೋಲುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಮೊದಲ ವಾರ ನಿಯಮ ಮತ್ತು ರಟ್ಟಿನ ಮಾದರಿ, ಎರಡು ಮತ್ತು ಮೂರನೆಯ ವಾರ ಚೌಕಟ್ಟು ಮತ್ತು ಗಾಲಿ, ನಾಲ್ಕನೆಯ ವಾರ ವಿದ್ಯುತ್ತು ಮತ್ತು ರಿಮೋಟ್. ನಾಲ್ಕು ವಾರದೊಳಗೆ ಮುಗಿಯದ ಯಾವ ಭಾಗವಿದ್ದರೂ ಅದನ್ನು ಕೈಬಿಡಿ. ಒದೆಯುವ ತೋಳು ಆಗಲಿಲ್ಲವೇ? ಬೇಡ. ತೋಳಿಲ್ಲದೆಯೂ ಗೋಲು ಹೊಡೆಯಬಹುದು.

ರಟ್ಟಿನಿಂದ ಚೌಕಟ್ಟಿಗೆ

ಮೊದಲ ಮಾದರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕತ್ತರಿಸಿ. ಗಾಲಿಯ ಜಾಗಕ್ಕೆ ಬಾಟಲಿಯ ಮುಚ್ಚಳವಾದರೂ ಸಾಕು. ಅದನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಚೆಂಡನ್ನು ತಳ್ಳಿ. ಮುಂಭಾಗ ನೇರ ಗೋಡೆಯಂತಿದ್ದರೆ ಚೆಂಡು ಎರಡು ಹೆಜ್ಜೆಯಲ್ಲೇ ಪಕ್ಕಕ್ಕೆ ಜಾರುತ್ತದೆ. ಒಳಕ್ಕೆ ಬಾಗಿದ, ಮೊರದ ಬಾಯಿಯಂಥ ಆಕಾರ ಚೆಂಡನ್ನು ನಡುವಿಗೆ ತಂದುಕೊಳ್ಳುತ್ತದೆ. ಎಷ್ಟು ಆಳ ಬಾಗಿಸಬಹುದು ಎಂಬುದನ್ನು ನಿಯಮವೇ ಮಿತಿಗೊಳಿಸಿರುತ್ತದೆ. ಎರಡು ತುದಿಗಳ ನಡುವಿನ ಅಗಲವನ್ನು ಚೆಂಡಿನ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಬದಲಿಸಿ ನೋಡಿ, ನಿಮ್ಮ ಚೆಂಡಿಗೆ ಒಪ್ಪುವುದನ್ನು ಆರಿಸಿ. ತಟ್ಟೆ ಚೆಂಡನ್ನು ಮುಟ್ಟುವ ಜಾಗ ಚೆಂಡಿನ ನಡುಮಟ್ಟದಲ್ಲೇ ಇರಲಿ. ನಮ್ಮ ಮೊದಲ ತಂಡ ಕಲಿತ ಪಾಠವನ್ನು ನೀವು ಮತ್ತೊಮ್ಮೆ ಕಲಿಯುವುದು ಬೇಡ.

ಚೌಕಟ್ಟಿಗೆ ನನ್ನ ಆಯ್ಕೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಅಥವಾ 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡು. ಅಕ್ರಿಲಿಕ್ ಹಾಳೆ ನೋಡಲು ಅಂದ, ಲೇಸರ್‌ನಲ್ಲಿ ಕತ್ತರಿಸುವುದೂ ಸುಲಭ. ಆದರೆ ಎದುರಾಳಿ ವೇಗವಾಗಿ ಬಂದು ಗುದ್ದಿದಾಗ ತಿರುಪಿನ ರಂಧ್ರದಿಂದಲೇ ಬಿರುಕು ಬಿಡುತ್ತದೆ. ಪ್ಲೈವುಡ್ ಗುದ್ದನ್ನು ತಾಳಿಕೊಳ್ಳುತ್ತದೆ, ಹೊಸ ರಂಧ್ರ ಬೇಕಾದರೆ ಅಂಗಳದ ಪಕ್ಕದಲ್ಲೇ ಕೊರೆಯಬಹುದು. ನಟ್‌ಗಳು ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್‌ಗಳೇ ಆಗಿರಲಿ, ಸಾಮಾನ್ಯ ನಟ್ ಅದುರುವಿಕೆಗೆ ಸಡಿಲವಾಗುತ್ತದೆ.

ಎಡ ಬಲ ಗಾಲಿಗಳ ನಡುವಿನ ಅಂತರ, ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರಕ್ಕಿಂತ ಹೆಚ್ಚಿರಲಿ. ನಾಲ್ಕು ಗಾಲಿಯ ರೋಬೋಟ್ ತಿರುಗುವಾಗ ಗಾಲಿಗಳು ಅಡ್ಡಕ್ಕೆ ಉಜ್ಜಿಕೊಂಡು ಜಾರಲೇಬೇಕು. ಚೌಕಟ್ಟು ಉದ್ದವಾದಷ್ಟೂ ಈ ಉಜ್ಜಾಟ ಹೆಚ್ಚು. ರೋಬೋಟ್ ತಿರುಗುವ ಬದಲು ಕುಪ್ಪಳಿಸುತ್ತದೆ, ಮೋಟರ್‌ಗಳು ಬಿಸಿಯೇರುತ್ತವೆ. ಬ್ಯಾಟರಿಯನ್ನು ಆದಷ್ಟು ಕೆಳಗೆ, ನಾಲ್ಕು ಗಾಲಿಗಳ ನಡುವೆ ಕೂರಿಸಿ. ಕೊನೆಗೆ ರೋಬೋಟನ್ನು ಸಮತಟ್ಟಾದ ಗಾಜಿನ ಮೇಲೋ ಗ್ರಾನೈಟ್ ಮೇಲೋ ಇಟ್ಟು, ಪ್ರತಿ ಗಾಲಿಯ ಕೆಳಗೆ ಕಾಗದದ ಚೂರು ತೂರಿಸಿ ಎಳೆಯಿರಿ. ಸಲೀಸಾಗಿ ಬಂದರೆ ಆ ಗಾಲಿ ನೆಲ ಮುಟ್ಟುತ್ತಿಲ್ಲ.

ಮೋಟರ್ ಕೊಳ್ಳುವ ಮೊದಲು ಲೆಕ್ಕ

ಅಂಗಡಿಯಲ್ಲಿ ‘ಯಾವ ಮೋಟರ್ ಚೆನ್ನಾಗಿದೆ’ ಎಂದು ಕೇಳಬೇಡಿ. ‘ಇಷ್ಟು ವೇಗಕ್ಕೆ, ಇಷ್ಟು ತೂಕಕ್ಕೆ’ ಎಂದು ಹೇಳಿ. ಅದಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಗಾಲಿಯ ವ್ಯಾಸ 10 ಸೆಂಟಿಮೀಟರ್ ಎಂದುಕೊಳ್ಳೋಣ. ಸುತ್ತಳತೆ ಸುಮಾರು 31.4 ಸೆಂಟಿಮೀಟರ್. ಮೋಟರ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 5 ಸುತ್ತು, ಎಂದರೆ ಸೆಕೆಂಡಿಗೆ ಸುಮಾರು 1.57 ಮೀಟರ್. ಇದು ಹೊರೆಯಿಲ್ಲದಾಗಿನ ಮಾತು. ರೋಬೋಟ್ ಹೊತ್ತಾಗ 1.2 ಮೀಟರ್‌ನ ಆಸುಪಾಸು ಸಿಗುತ್ತದೆ ಎಂದು ಇಟ್ಟುಕೊಳ್ಳಿ. ಮೂರು ನಾಲ್ಕು ಮೀಟರ್ ಉದ್ದದ ಅಂಗಳಕ್ಕೆ ಇದು ಧಾರಾಳ. 600 ಸುತ್ತಿನ ಮೋಟರ್ ಹಾಕಿದ ತಂಡಗಳು ಮೊದಲ ದಿನ ಸಂಭ್ರಮಿಸುತ್ತವೆ, ಎರಡನೆಯ ದಿನದಿಂದ ರೋಬೋಟನ್ನು ಗೋಡೆಯಿಂದ ಬಿಡಿಸಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತವೆ.

ಇನ್ನು ಬಲ. ರೋಬೋಟ್ 4 ಕಿಲೋ ತೂಗುತ್ತದೆ, ರಬ್ಬರ್ ಗಾಲಿಗೂ ನೆಲಕ್ಕೂ ನಡುವಿನ ಘರ್ಷಣಾಂಕ 0.6 ಎಂದುಕೊಂಡರೆ, ಗಾಲಿ ಜಾರುವ ಮೊದಲು ರೋಬೋಟ್ ತಳ್ಳಬಲ್ಲ ಹೆಚ್ಚಿನ ಬಲ 0.6 × 4 × 9.8, ಎಂದರೆ ಸುಮಾರು 23.5 ನ್ಯೂಟನ್. ಗಾಲಿಯ ತ್ರಿಜ್ಯ 0.05 ಮೀಟರ್, ಗುಣಿಸಿದರೆ 1.18 ನ್ಯೂಟನ್-ಮೀಟರ್ ಟಾರ್ಕ್, ಎಂದರೆ ತಿರುಗಿಸುವ ಬಲ. ನಾಲ್ಕು ಮೋಟರ್‌ಗಳಿಗೆ ಹಂಚಿದರೆ ತಲಾ 0.29, ಅಂಗಡಿಯವರ ಲೆಕ್ಕದಲ್ಲಿ ಸುಮಾರು 3 ಕಿಲೋ-ಸೆಂಟಿಮೀಟರ್. ಇದಕ್ಕಿಂತ ಹೆಚ್ಚು ಟಾರ್ಕ್ ಇದ್ದರೂ ಗಾಲಿ ಜಾರುವುದರಿಂದ ತಳ್ಳುವ ಬಲ ಏರುವುದಿಲ್ಲ. ಎದುರಾಳಿ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರೆ ದುಬಾರಿ ಮೋಟರ್ ಹುಡುಕುವ ಮೊದಲು ಗಾಲಿಯ ರಬ್ಬರನ್ನು ನೋಡಿ. ಒದ್ದೆ ಬಟ್ಟೆಯಿಂದ ದೂಳು ಒರೆಸಿದ ಗಾಲಿ ಎಷ್ಟೋ ಪಂದ್ಯಗಳನ್ನು ಉಳಿಸಿಕೊಟ್ಟಿದೆ.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಎಂದರೆ ಸಾದರ ಪತ್ರಪ್ಪ ರಸ್ತೆ, ಇಂಥ ಸಾಮಾನುಗಳ ಆಡುಂಬೊಲ. ಹೋಗುವಾಗ ಮಲ್ಟಿಮೀಟರ್ ಜೊತೆಗಿರಲಿ. ಒಂದೇ ಬಗೆಯ ನಾಲ್ಕು ಮೋಟರ್ ಕೊಂಡರೂ ಪ್ರತಿಯೊಂದನ್ನೂ 12 ವೋಲ್ಟ್‌ನಲ್ಲಿ ತಿರುಗಿಸಿ, ಎಳೆಯುವ ಕರೆಂಟ್ ಅಳೆದು ನೋಡಿ. ಒಂದು ಮಾತ್ರ ಹೆಚ್ಚು ಎಳೆಯುತ್ತಿದ್ದರೆ ಅದರ ಗೇರ್ ಬಿಗಿಯಾಗಿದೆ ಎಂದೇ ತಿಳಿಯಿರಿ. ಐದನೆಯ ಮೋಟರ್ ಒಂದನ್ನು ಬದಲಿಗೆ ಕೊಂಡುಬಿಡಿ. ಮೋಟರ್ ದಂಡದಲ್ಲಿ ಒಂದು ಪಕ್ಕ ಚಪ್ಪಟೆಯಾಗಿ ಕೆತ್ತಿರುತ್ತದಲ್ಲ, ಗಾಲಿಯ ಹಬ್ಬಿನ ಸಣ್ಣ ತಿರುಪು ಸರಿಯಾಗಿ ಆ ಚಪ್ಪಟೆಯ ಮೇಲೆಯೇ ಕೂರಬೇಕು. ತಿರುಪು ಸಡಿಲವಾಗದಂತೆ ಹಚ್ಚುವ ಅಂಟಿನ ಒಂದು ಹನಿ ಹಾಕಿ.

ವಿದ್ಯುತ್ತು: ಇಲ್ಲಿ ಅವಸರ ಬೇಡ

ನಾನು ಕಂಡ ರೋಬೋಟ್‌ಗಳಲ್ಲಿ ಹೆಚ್ಚಿನವು ಅಂಗಳದಲ್ಲಿ ಸತ್ತದ್ದು ವಿದ್ಯುತ್ತಿನ ದೋಷದಿಂದ. ಅದಕ್ಕೆ ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಮೋಟರ್ ಡ್ರೈವರ್, ಎಂದರೆ ಕಂಟ್ರೋಲರ್ ಬೋರ್ಡಿನ ಆದೇಶದಂತೆ ಬ್ಯಾಟರಿಯ ಕರೆಂಟನ್ನು ಮೋಟರ್‌ಗಳಿಗೆ ಹರಿಸುವ ಭಾಗ. ಪಾಠಗಳಲ್ಲಿ ಎಲ್ಲರೂ ತೋರಿಸುವ ಎಲ್298ಎನ್ ಈ ಕೆಲಸಕ್ಕೆ ಸಾಲದು. ಅದು ಒಂದು ಕವಲಿಗೆ 2 ಆಂಪಿಯರ್‌ವರೆಗಿನದು, ಜೊತೆಗೆ ಬ್ಯಾಟರಿಯ ಸುಮಾರು 2 ವೋಲ್ಟನ್ನೋ ಅದಕ್ಕೂ ಹೆಚ್ಚನ್ನೋ ಶಾಖವಾಗಿ ನುಂಗಿಹಾಕುತ್ತದೆ. ಮೋಟರ್ ಓಡುವಾಗ ಕಡಿಮೆ ಕರೆಂಟ್ ಎಳೆದರೂ, ಎದುರಾಳಿಗೆ ಡಿಕ್ಕಿ ಹೊಡೆದು ಗಾಲಿ ನಿಂತಾಗ ಅದರ ಹಲವು ಪಟ್ಟು ಎಳೆಯುತ್ತದೆ. ಫುಟ್‌ಬಾಲ್‌ನಲ್ಲಿ ಗಾಲಿ ನಿಲ್ಲುವುದು ನಿತ್ಯದ ಮಾತು. ಆದ್ದರಿಂದ ಬಿಟಿಎಸ್7960 ಮಾಡ್ಯೂಲ್‌ಗಳನ್ನು ಬಳಸಿ. ಎಡಪಕ್ಕದ ಎರಡು ಮೋಟರ್‌ಗಳಿಗೆ ಒಂದು, ಬಲಪಕ್ಕಕ್ಕೆ ಒಂದು. ಅದರ ಮೇಲೆ 43 ಆಂಪಿಯರ್ ಎಂದು ಬರೆದಿರುತ್ತದೆ, ಅಷ್ಟನ್ನು ಆ ಪುಟ್ಟ ಶಾಖಫಲಕ ತಾಳುವುದಿಲ್ಲ. ಆದರೆ ನಮ್ಮ ಅಗತ್ಯಕ್ಕೆ ಮಿಗುವಷ್ಟು ಶಕ್ತಿ ಅದಕ್ಕಿದೆ.

ಎರಡನೆಯದು ಬ್ಯಾಟರಿ. ಮೂರು ಕೋಶದ, 2200 ಮಿಲಿಆಂಪಿಯರ್-ಅವರ್ ಲಿಪೋ ಒಂದು ಹದವಾದ ಆಯ್ಕೆ. ಸರಾಸರಿ 6 ಆಂಪಿಯರ್ ಎಳೆದರೂ, ಶೇ. 80 ಬಳಸಿದರೆ 17 ನಿಮಿಷ ಬರುತ್ತದೆ. ಎರಡು ಬ್ಯಾಟರಿ ಇಟ್ಟುಕೊಳ್ಳಿ. ಚಾರ್ಜ್ ಮಾಡುವಾಗ ಕೋಶಗಳನ್ನು ಸಮಗೊಳಿಸುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು; ಕರೆಂಟ್ 2.2 ಆಂಪಿಯರ್ ಮೀರಬಾರದು. ಯಾರಾದರೂ ಒಬ್ಬರು ಪಕ್ಕದಲ್ಲಿ ಕುಳಿತಿರಬೇಕು. ಉಬ್ಬಿದ ಲಿಪೋವನ್ನು ಇನ್ನೊಂದು ಪಂದ್ಯಕ್ಕೆ ಮಾತ್ರ ಎಂದು ಬಳಸಬೇಡಿ. ಅದು ಬೆಂಕಿ ಹಿಡಿಯುವ ವಸ್ತು, ಇದರಲ್ಲಿ ರಾಜಿಯಿಲ್ಲ. ಯಾವ ಕೋಶವೂ 3.5 ವೋಲ್ಟ್‌ಗಿಂತ ಕೆಳಗಿಳಿಯದಂತೆ ಎಚ್ಚರಿಸುವ ಪುಟ್ಟ ಬೀಪ್ ಅಲಾರಾಂ ಸಿಗುತ್ತದೆ, ಬ್ಯಾಟರಿಯ ಬಿಳಿ ಪ್ಲಗ್ಗಿಗೆ ಸಿಕ್ಕಿಸಿ.

ಬ್ಯಾಟರಿಯಿಂದ ಹೊರಟ ಕೆಂಪು ತಂತಿ ಮೊದಲು ಫ್ಯೂಸಿಗೆ, ಆಮೇಲೆ ಸ್ವಿಚ್ಚಿಗೆ, ಅಲ್ಲಿಂದ ಡ್ರೈವರ್‌ಗಳಿಗೆ ಹೋಗಲಿ. ಕಾರುಗಳಲ್ಲಿ ಬಳಸುವ 20 ಅಥವಾ 30 ಆಂಪಿಯರ್ ಫ್ಯೂಸ್ ಸಾಕು, ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಸ್ವಿಚ್ಚನ್ನು ಎಲ್ಲಕ್ಕಿಂತ ಮೇಲೆ, ಗಾಲಿಗೆ ಕೈ ತಾಗದಂತೆ ಒತ್ತಲು ಬರುವ ಜಾಗದಲ್ಲಿಡಿ. ಬ್ಯಾಟರಿಯ ಜೋಡಣೆಗೆ ಎಕ್ಸ್‌ಟಿ60 ಕನೆಕ್ಟರ್ ಬಳಸಿದರೆ ಕೂಡಿಸು ಕಳೆ ಅದಲುಬದಲಾಗುವ ಭಯವಿಲ್ಲ.

ಮೂರನೆಯದು ಕಂಟ್ರೋಲರ್ ಬೋರ್ಡು, ಎಂದರೆ ಪ್ರೋಗ್ರಾಂ ಓಡುವ ಬೋರ್ಡು. ಅದಕ್ಕೆ ಬ್ಯಾಟರಿಯಿಂದ 5 ವೋಲ್ಟ್‌ಗೆ ಇಳಿಸುವ ಪ್ರತ್ಯೇಕ ಬಕ್ ಕನ್ವರ್ಟರ್ ಕೊಡಿ, ಅದರ ಹೊರತುದಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ. ನಾಲ್ಕೂ ಮೋಟರ್ ಒಮ್ಮೆಗೇ ಎಳೆದಾಗ ವೋಲ್ಟೇಜ್ ಕುಸಿದು ಬೋರ್ಡು ಮರುಆರಂಭವಾಗುವುದು ಇದರಿಂದ ಬಹುಪಾಲು ನಿಲ್ಲುತ್ತದೆ. ಆಡುತ್ತ ಆಡುತ್ತ ರೋಬೋಟ್ ಎರಡು ಸೆಕೆಂಡ್ ಮಂಕಾಗಿ ನಿಂತು ಮತ್ತೆ ಓಡಿದರೆ, ಪ್ರೋಗ್ರಾಂ ಬಿಚ್ಚಿ ನೋಡುವ ಮೊದಲು ಇದನ್ನು ಪರೀಕ್ಷಿಸಿ. ಪ್ರತಿ ಮೋಟರ್‌ನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ. ಎಲ್ಲ ಬೋರ್ಡುಗಳ ಗ್ರೌಂಡ್ ತಂತಿ ಒಂದೆಡೆ ಸೇರಿರಲೇಬೇಕು. ಇದು ತಪ್ಪಿದಾಗ ರೋಬೋಟ್ ಹುಚ್ಚು ಹಿಡಿದಂತೆ ಆಡುತ್ತದೆ.

ಬೆಸೆಯದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮತ್ತು ಅದರ ಜಂಪರ್ ತಂತಿಗಳು ಮೇಜಿನ ಮೇಲಷ್ಟೇ. ಅಂಗಳಕ್ಕೆ ಇಳಿಯುವ ರೋಬೋಟ್‌ನಲ್ಲಿ ಪ್ರತಿ ಜೋಡಣೆಯೂ ಬೆಸೆದಿರಬೇಕು ಅಥವಾ ತಿರುಪಿನಿಂದ ಬಿಗಿದಿರಬೇಕು.

ರಿಮೋಟ್ ಮತ್ತು ಪ್ರೋಗ್ರಾಂ

ಎರಡು ದಾರಿಗಳಿವೆ. ಡ್ರೋನ್ ಹಾರಿಸುವವರು ಬಳಸುವ ಫ್ಲೈಸ್ಕೈ ಬಗೆಯ ರಿಮೋಟ್ ಮತ್ತು ರಿಸೀವರ್ ಒಂದು. ಇಎಸ್‌ಪಿ32 ಎಂಬ ಕಂಟ್ರೋಲರ್ ಬೋರ್ಡಿಗೆ ಪ್ಲೇಸ್ಟೇಷನ್ 4ರ ಆಟದ ಕಂಟ್ರೋಲರನ್ನು ಬ್ಲೂಟೂತ್‌ನಿಂದ ಜೋಡಿಸುವುದು ಇನ್ನೊಂದು. ಎರಡನೆಯದು ಅಗ್ಗ, ಬೆರಳಿಗೆ ಒಗ್ಗಿದ್ದು. ಕೊಳ್ಳುವಾಗ ಹಳೆಯ, ಮೂಲ ಇಎಸ್‌ಪಿ32 ಬೋರ್ಡನ್ನೇ ಕೇಳಿ. ಎಸ್3, ಸಿ3 ಎಂಬ ಹೊಸ ತಳಿಗಳಲ್ಲಿ ಈ ಕಂಟ್ರೋಲರ್‌ಗೆ ಬೇಕಾದ ಹಳೆಯ ಬಗೆಯ ಬ್ಲೂಟೂತ್ ಇಲ್ಲ. ಹೊಸದೆಂದು ತಂದು ಎರಡು ದಿನ ತಲೆ ಕೆಡಿಸಿಕೊಂಡ ತಂಡಗಳನ್ನು ನೋಡಿದ್ದೇನೆ. ಉತ್ಸವದ ಗದ್ದಲದಲ್ಲಿ ನೂರಾರು ಮೊಬೈಲ್‌ಗಳು ಇದೇ ತರಂಗಪಟ್ಟಿಯಲ್ಲಿ ಮಾತನಾಡುತ್ತಿರುತ್ತವೆ. ಹಣವಿದ್ದರೆ ನಾನು ಮೊದಲನೆಯ ದಾರಿಯನ್ನೇ ಆರಿಸುತ್ತೇನೆ.

ಪ್ರೋಗ್ರಾಂ ಚಿಕ್ಕದಾಗಿರಲಿ. ರಿಮೋಟ್‌ನ ಮುಂದೆ-ಹಿಂದೆ ಕಡ್ಡಿಯ (ಜಾಯ್‌ಸ್ಟಿಕ್) ಬೆಲೆಗೆ ತಿರುವಿನ ಬೆಲೆ ಕೂಡಿಸಿದರೆ ಎಡ ಮೋಟರ್‌ಗಳ ವೇಗ, ಕಳೆದರೆ ಬಲ ಮೋಟರ್‌ಗಳ ವೇಗ. ಇದರ ಮೇಲೆ ಮೂರು ಸಂಗತಿ ಸೇರಿಸಿ. ಒಂದು, ಕಡ್ಡಿ ಪೂರ್ತಿ ತಳ್ಳಿದಾಗ ಬೆಲೆ 1 ಎಂದಿಟ್ಟುಕೊಂಡು, ಆ ಬೆಲೆಯನ್ನು ನೇರ ಕಳಿಸದೆ, ಅದರ ಅರ್ಧಕ್ಕೆ ಅದರ ಘನದ ಅರ್ಧ ಕೂಡಿಸಿ ಕಳಿಸಿ. ಆಗ ಕಡ್ಡಿ ಅರ್ಧ ತಳ್ಳಿದಾಗ ವೇಗ ಶೇ. 31 ಮಾತ್ರ, ಗೋಲಿನ ಎದುರು ನವಿರಾಗಿ ಹೊರಳಲು ಇದೇ ಆಸರೆ. ಎರಡು, ವೇಗ ಒಮ್ಮೆಗೇ ಜಿಗಿಯದಂತೆ ಪ್ರತಿ 20 ಮಿಲಿಸೆಕೆಂಡಿಗೆ ಶೇ. 8ಕ್ಕಿಂತ ಹೆಚ್ಚು ಬದಲಾಗಬಾರದು ಎಂದು ಕಟ್ಟಳೆ ಹಾಕಿ. ನಿಂತಲ್ಲಿಂದ ಪೂರ್ಣ ವೇಗಕ್ಕೆ ಕಾಲು ಸೆಕೆಂಡ್ ಸಾಕಾಗುತ್ತದೆ, ಗೇರ್ ಹಲ್ಲುಗಳು ಉಳಿಯುತ್ತವೆ. ಮೂರು, 200 ಮಿಲಿಸೆಕೆಂಡ್ ಸಿಗ್ನಲ್ ಬರದಿದ್ದರೆ ಮೋಟರ್‌ಗಳು ತಾವಾಗಿ ನಿಲ್ಲಬೇಕು. ಈ ಮೂರನೆಯದನ್ನು ರೋಬೋಟನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಗಾಲಿ ತಿರುಗುತ್ತಿರುವಾಗಲೇ ರಿಮೋಟ್ ಆರಿಸಿ ಪರೀಕ್ಷಿಸಿ. ನಿಲ್ಲದ ರೋಬೋಟನ್ನು ನೆಲಕ್ಕಿಳಿಸಬೇಡಿ. ಅಂಗಳದ ಅಂಚಿನಲ್ಲಿ ಮಕ್ಕಳು ಕುಳಿತಿರುತ್ತಾರೆ.

ತಾವಾಗಿ ಆಡುವ ರೋಬೋಟ್‌ಗಳ ದಾರಿ ಬೇರೆ. ಅಲ್ಲಿ ಚೆಂಡನ್ನು ಕಾಣಲು ಕ್ಯಾಮೆರಾ ಅಥವಾ ಅವಗೆಂಪು ಸಂವೇದಕಗಳು, ಎದುರಾಳಿಯ ಗೋಲು ಯಾವ ದಿಕ್ಕಿಗಿದೆ ಎಂದು ತಿಳಿಯಲು ದಿಕ್ಸೂಚಿ ಬೇಕು. ಅದಕ್ಕೊಂದು ಪ್ರತ್ಯೇಕ ಲೇಖನವೇ ಆಗಬೇಕು.

ಹಿಡಿಯುವುದು, ಒದೆಯುವುದು

ರೋಬೋಕಪ್‌ನ ಸಣ್ಣ ಗಾತ್ರದ ವಿಭಾಗದಲ್ಲಿ ರೋಬೋಟ್‌ಗಳು 18 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ಅಡಗುವಷ್ಟು ಚಿಕ್ಕವು, ಆಡುವುದು ಕಿತ್ತಳೆ ಬಣ್ಣದ ಗಾಲ್ಫ್ ಚೆಂಡಿನಲ್ಲಿ. ಮುಂದೆ ಒಂದು ರಬ್ಬರ್ ಉರುಳೆ ವೇಗವಾಗಿ ತಿರುಗುತ್ತ ಚೆಂಡು ತನ್ನ ಕಡೆಗೇ ಉರುಳುವಂತೆ ಅದನ್ನು ತಿರುಗಿಸುತ್ತದೆ. ರೋಬೋಟ್ ಹಿಂದೆ ಸರಿದರೂ ಚೆಂಡು ಅಂಟಿಕೊಂಡೇ ಬರುತ್ತದೆ. ನಿಮ್ಮ ನಿಯಮ ಒಪ್ಪಿದರೆ ಈ ಉರುಳೆಯನ್ನು ಎರಡನೆಯ ವರ್ಷ ಪ್ರಯತ್ನಿಸಿ. ಪೈಪಿನ ತುಂಡಿಗೆ ಸೈಕಲ್ ಟ್ಯೂಬ್ ಸುತ್ತಿ ಮಾಡಿದ ಉರುಳೆ, ಚೆಂಡಿನ ನಡುಮಟ್ಟಕ್ಕಿಂತ ತುಸು ಮೇಲೆ ತಾಗುವಂತೆ ಇದ್ದರೆ ಕೆಲಸ ಮಾಡುತ್ತದೆ.

ಒದೆಯಲು ಆ ದೊಡ್ಡ ತಂಡಗಳು ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ತುಂಬಿಸಿ ಸೊಲೆನಾಯ್ಡ್, ಎಂದರೆ ವಿದ್ಯುತ್ತು ಹರಿದಾಗ ಒಳಗಿನ ಕಬ್ಬಿಣದ ಸರಳನ್ನು ಚಿಮ್ಮಿಸುವ ಸುರುಳಿ, ಹೊಡೆಸುತ್ತವೆ. ಅನುಭವಿಗಳ ಮೇಲ್ವಿಚಾರಣೆ ಇಲ್ಲದೆ ಅದಕ್ಕೆ ಕೈ ಹಾಕಬೇಡಿ, ಆ ವಿದ್ಯುತ್ತು ಜೀವ ತೆಗೆಯಬಲ್ಲದು. ಸ್ಪ್ರಿಂಗ್ ಎಳೆದು ಬಿಡುವ, ಒಂದು ಗೇರ್ ಮೋಟರ್ ಮತ್ತು ಬಸವನಹುಳುವಿನ ಚಿಪ್ಪಿನಂಥ ಕ್ಯಾಮ್ ತಟ್ಟೆ ಇರುವ ತೋಳು ಆರಂಭಕ್ಕೆ ಸಾಕು. ಅದೂ ಇಲ್ಲದಿದ್ದರೆ ಚೆಂಡನ್ನು ಹಿಡಿದು ಓಡಿ ಗೋಲಿನ ಎದುರು ತಟ್ಟನೆ ನಿಲ್ಲಿಸಿ. ರೋಬೋಟ್ ನಿಲ್ಲುತ್ತದೆ, ಚೆಂಡು ಅದೇ ವೇಗದಲ್ಲಿ ಮುಂದೆ ಸಾಗುತ್ತದೆ. ನಮ್ಮ ತಂಡಗಳು ಹೊಡೆದ ಗೋಲುಗಳಲ್ಲಿ ಹೆಚ್ಚಿನವು ಹೀಗೆ ಹೊಡೆದವು.

ಓಡಿಸುವವರನ್ನು ತಯಾರು ಮಾಡುವುದು

ಐದನೆಯ ವಾರದಿಂದ ದಿನಕ್ಕೆ ಒಂದು ಗಂಟೆ ಅಂಗಳ. ಮೊದಲು ಯಾರು ಓಡಿಸಬೇಕು ಎಂದು ತೀರ್ಮಾನಿಸಿ, ಅದನ್ನು ಗಡಿಯಾರಕ್ಕೆ ಬಿಡಿ. ಐದು ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಚೆಂಡು ಬಿಡದೆ ಹಾವಿನಂತೆ ಸಾಗಿ ಹಿಂದಿರುಗಬೇಕು. ತಂಡದ ಎಲ್ಲರಿಗೂ ಹತ್ತು ಹತ್ತು ಅವಕಾಶ, ಸರಾಸರಿ ಸಮಯ ಕಡಿಮೆ ಇರುವವರ ಕೈಗೆ ರಿಮೋಟ್. ಕಟ್ಟಿದವರೇ ಓಡಿಸಬೇಕೆಂಬ ಹಟ ಸಲ್ಲದು. ಒಂದು ವರ್ಷ ನಮ್ಮ ಕಡೆ ರಿಮೋಟ್ ಹಿಡಿದವಳು ಬೆಸುಗೆಯ ಕಡ್ಡಿಯನ್ನೇ ಮುಟ್ಟದ ಹುಡುಗಿ. ಥ್ರೋಬಾಲ್ ಆಡಿ ಬಂದವಳಾದ್ದರಿಂದ ಚೆಂಡು ಮುಂದಿನ ಕ್ಷಣ ಎಲ್ಲಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಉಳಿದವರು ಚೆಂಡಿನ ಹಿಂದೆ ಓಡಿದರೆ, ಅವಳು ಅದು ಬರುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದಳು.

ರೋಬೋಟ್ ನಿಮ್ಮಿಂದ ದೂರ ಹೋಗುವಾಗ ಓಡಿಸುವುದು ಸುಲಭ. ನಿಮ್ಮ ಕಡೆಗೆ ಮುಖ ಮಾಡಿ ಬರುವಾಗ ಅದರ ಎಡ ನಿಮ್ಮ ಬಲವಾಗುತ್ತದೆ, ಅಲ್ಲಿ ಬೆರಳು ತಪ್ಪುತ್ತದೆ. ಸ್ವಂತ ಗೋಲಿನ ಎದುರು ಚೆಂಡು ಕಳೆದುಕೊಳ್ಳುವುದು ಸಾಮಾನ್ಯವಾಗಿ ಹೀಗೆಯೇ. ಅದಕ್ಕೆ ಅಭ್ಯಾಸದ ಅರ್ಧ ಹೊತ್ತು ಚಾಲಕರು ಎದುರಾಳಿಯ ಗೋಲಿನ ಹಿಂದೆ ನಿಂತು ಓಡಿಸಲಿ. ಎರಡು ವಾರದಲ್ಲಿ ಬೆರಳಿಗೆ ಯೋಚನೆಯ ಅಗತ್ಯ ಇರುವುದಿಲ್ಲ.

ಹಳೆಯ ಚೌಕಟ್ಟಿದ್ದರೆ ಅದಕ್ಕೂ ಮೋಟರ್ ಜೋಡಿಸಿ ಎದುರಾಳಿಯಾಗಿ ಇಳಿಸಿ. ಡಿಕ್ಕಿ ಹೊಡೆಸಿ, ಮೂಲೆಗೆ ಒತ್ತಿಸಿ. ಏನು ಕಳಚುತ್ತದೋ ಇಲ್ಲಿಯೇ ಕಳಚಲಿ. ಕಳಚಿದ ಪ್ರತಿಯೊಂದನ್ನೂ ದಿನಾಂಕದ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಿರಿ; ಒಂದೇ ತಿರುಪು ಮೂರು ಸಲ ಸಡಿಲವಾದದ್ದು ಅಲ್ಲಿ ಕಾಣುತ್ತದೆ, ನೆನಪಿನಲ್ಲಿ ಕಾಣುವುದಿಲ್ಲ. ಅಭ್ಯಾಸದ ನೆಲವೂ ಒಂದೇ ಆಗಿರುವುದು ಬೇಡ. ಮೊಸಾಯಿಕ್ ಮೇಲೆ ಪಳಗಿದ ರೋಬೋಟ್ ಹಸಿರು ಕಾರ್ಪೆಟ್ ಮೇಲೆ ತಿರುಗಲಾರದೆ ನಿಂತದ್ದುಂಟು. ಹಳೆಯ ಕಾರ್ಪೆಟ್ ತುಂಡು ಹಾಸಿ, ಬರೀ ಪ್ಲೈವುಡ್ ಹಾಸಿ, ಎರಡರ ಮೇಲೂ ಆಡಿಸಿ.

ಸ್ಪರ್ಧೆಯ ದಿನ

ನಿಯಮದ ಅಳತೆಯ ರಟ್ಟಿನ ಪೆಟ್ಟಿಗೆಯೊಂದನ್ನು ಮೊದಲೇ ಮಾಡಿ, ರೋಬೋಟ್ ಅದರೊಳಗೆ ಸಲೀಸಾಗಿ ಕೂರುತ್ತದೆಯೇ ನೋಡಿ. ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಉಳಿಕೆ ಇರಲಿ, ಅಲ್ಲಿನ ತಕ್ಕಡಿ ನಿಮ್ಮ ತಕ್ಕಡಿಯಂತೆ ಇರಬೇಕೆಂದಿಲ್ಲ. ಚೀಲದಲ್ಲಿ ಇರಬೇಕಾದವು: ಗಾಲಿ ಕೂರಿಸಿಯೇ ಇಟ್ಟ ಒಂದು ಮೋಟರ್, ಒಂದು ಡ್ರೈವರ್, ಪ್ರೋಗ್ರಾಂ ತುಂಬಿದ ಇನ್ನೊಂದು ಬೋರ್ಡು, ನಾಲ್ಕು ಫ್ಯೂಸ್, ಕೇಬಲ್ ಟೈ, ಇನ್ಸುಲೇಷನ್ ಟೇಪ್, ಅಲನ್ ಕೀ, ಒದ್ದೆ ಬಟ್ಟೆ, ಎಕ್ಸ್‌ಟೆನ್ಷನ್ ಬೋರ್ಡ್. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಚಾರ್ಜ್ ಮಾಡಲು ಪ್ಲಗ್ ಹುಡುಕುತ್ತ ಅಲೆಯುತ್ತಾರೆ.

ಪಂದ್ಯ ಮುಗಿದೊಡನೆ ನಾಲ್ಕು ಕೆಲಸ, ಗೆದ್ದರೂ ಸೋತರೂ: ಗಾಲಿಯ ತಿರುಪುಗಳನ್ನು ಬಿಗಿಯಿರಿ, ಪ್ರತಿ ತಂತಿಯನ್ನು ಮೆಲ್ಲನೆ ಎಳೆದು ನೋಡಿ, ಗಾಲಿ ಒರೆಸಿ, ಬ್ಯಾಟರಿ ಬದಲಿಸಿ. ಪಂದ್ಯಗಳ ನಡುವೆ ಪ್ರೋಗ್ರಾಂ ಮುಟ್ಟುವುದನ್ನು ನಾನು ಬಿಡುವುದಿಲ್ಲ. ಸೋತ ಬೇಸರದಲ್ಲಿ ಬರೆದ ಒಂದು ಸಾಲು, ಎಡ ಬಲ ಅದಲುಬದಲಾಗಿ ನಮ್ಮ ಗೋಲಿಗೇ ಚೆಂಡು ಹೊಡೆಸಿದ್ದನ್ನು ಕಂಡಿದ್ದೇನೆ. ಎದುರಾಳಿ ತಂಡದ ರೋಬೋಟನ್ನು ಹತ್ತಿರದಿಂದ ನೋಡಲು ಅನುಮತಿ ಕೇಳಿ. ಹೆಚ್ಚಿನವರು ಸಂತೋಷದಿಂದ ತೋರಿಸುತ್ತಾರೆ. ನಾವು ಒಳ್ಳೆಯ ಗಾಲಿ ಎಲ್ಲಿ ಸಿಗುತ್ತದೆ ಎಂದು ತಿಳಿದುಕೊಂಡದ್ದು ನಮ್ಮನ್ನು ಸೋಲಿಸಿದ ತಂಡದಿಂದಲೇ.

ಮನೆಗೆ ಬಂದ ರಾತ್ರಿ ಎಷ್ಟೇ ದಣಿವಿದ್ದರೂ ಬ್ಯಾಟರಿಗಳನ್ನು ಹಾಗೆಯೇ ಬಿಟ್ಟು ಮಲಗಬೇಡಿ. ಚಾರ್ಜರ್‌ನ ಸ್ಟೋರೇಜ್ ಆಯ್ಕೆಯಲ್ಲಿ ಪ್ರತಿ ಕೋಶವನ್ನೂ ಸುಮಾರು 3.8 ವೋಲ್ಟ್‌ಗೆ ತಂದು, ರೋಬೋಟ್‌ನಿಂದ ಬಿಡಿಸಿ, ಲೋಹದ ಡಬ್ಬಿಯಲ್ಲೋ ಲಿಪೋ ಚೀಲದಲ್ಲೋ ಇಡಿ.